ಏಪ್ರನ್ನಿನ ಕಿಸೆ

ದಸರಾ ಬೋನಸ್ಸು ಕೈಗೆ ಬಂದ ಸಂಜೆ
ಕೌಲ್ ಬಜಾರಿನ ಜೀನ್ಸ್ ಯುನಿಟ್ಟಿನಿಂದ ನಾವು ನಾಲ್ಕು ಮಂದಿ
ಮುಖ ತೊಳೆದು, ಹೂ ಮುಡಿದು, ಖುರ್ಷಿದಾ ಅತ್ತರು ಹಚ್ಚಿ,
ಶೇರ್ ಆಟೋದಲ್ಲಿ ದಿನಾ ದಾಟಿ ಹೋಗುವ ಆ ಗಾಜಿನ ಬಾಗಿಲಿಗೆ
ಈ ಸಲ ಇಳಿದೇಬಿಟ್ಟೆವು.

'ಆಂಟಿ ರೋಸಾಸ್' ಅಂತ ಬೋರ್ಡು.
ಆಂಟಿ ಗೋಡೆಯ ಮೇಲಿದ್ದಳು, ತಲೆಗೆ ಕಪ್ಪು ಬಟ್ಟೆ,
ಹಿಟ್ಟು ನಾದುವ ಕೈ, ಯಾರ ಕಡೆಗೂ ನೋಡದ ಕಣ್ಣು.
"ಯಾರ ಅವ್ವನಪ್ಪಾ ಈಕಿ?" ಎರ್ರಮ್ಮ ಕೇಳಿದಳು.
ಸರ್ವರ್ ಹುಡುಗ ಬಾಯಿಪಾಠ ಒಪ್ಪಿಸಿದ:
ಇದು ಇಟಲಿಯ ಊಟ ಅಲ್ಲವಂತೆ,
ಇಟಲಿ ಬಿಟ್ಟು ಅಮೆರಿಕಕ್ಕೆ ದುಡಿಯಲು ಹೋದವರು
ಅಲ್ಲಿ ಸಿಕ್ಕಿದ್ದರಲ್ಲಿ ಕಟ್ಟಿಕೊಂಡ ರುಚಿಯಂತೆ.
"ಹಂಗನ್ನು ಮತ್ತೆ," ಅಂದಳು ಎರ್ರಮ್ಮ,
"ಸಿರುಗುಪ್ಪದ ಕಡೆ ಕ್ಯಾಂಪಿನವರ ಪಪ್ಪು ಇದ್ದಂಗೆ:
ನಮ್ಮ ಬ್ಯಾಳಿನೂ ಅಲ್ಲ, ಅವರೂರಿನದೂ ಉಳಿದಿಲ್ಲ."
ಹುಡುಗ ಸುಮ್ಮನೆ ನಕ್ಕ. ಅದು ಅವನ ಪಾಠದಲ್ಲಿ ಇರಲಿಲ್ಲ.

ಒಳಗೆ ಎಂಥ ತಂಪು!
ಹೊರಗೆ ಕೋಟೆಗುಡ್ಡ ಹಗಲಿಡೀ ಉಂಡ ಬಿಸಿಲನ್ನು
ಇನ್ನೂ ಕಾರುತ್ತಿತ್ತು;
ಇಲ್ಲಿ ಬೆನ್ನಿಗೆ ಮೆತ್ತಗಿನ ಒರಗು.
ಹನ್ನೊಂದು ವರ್ಷ ಕಾಜಾ ಮಷೀನಿನ ಮುಂದೆ ಬಾಗಿದ ಬೆನ್ನು
ಮೊದಲು ನಂಬಲಿಲ್ಲ, ಆಮೇಲೆ ಮೆಲ್ಲಗೆ
ಒಂದೊಂದೇ ಮಣಿ ಬಿಟ್ಟುಕೊಟ್ಟಿತು.
ಊಟ ಬಾರದಿದ್ದರೂ ಪರವಾಗಿಲ್ಲ ಅನ್ನಿಸಿತು ಒಂದು ಗಳಿಗೆ.

ಬರಲೂ ಇಲ್ಲ, ಮುಕ್ಕಾಲು ಗಂಟೆ.

ದೀಪ ಎಷ್ಟು ಮಂದವೆಂದರೆ ಮೆನು ಓದಲು
ನಾಗವೇಣಿ ಫೋನಿನ ಟಾರ್ಚು ಹಾಕಿದಳು,
ಬೆಳಕು ಮೊದಲು ಬಿದ್ದದ್ದು ರೇಟಿನ ಮೇಲೆ.
ಒಂದು ತಟ್ಟೆ ಶಾವಿಗೆಗೆ ಮುನ್ನೂರು ಪ್ಯಾಂಟಿನ ಕಾಜಾ,
ಮೇಲೆ ಉದುರಿಸಿದ ಎರಡು ಎಲೆಗೆ ಇನ್ನೂ ಐವತ್ತು.
ಹಾಡಿನ ಗದ್ದಲಕ್ಕೆ ಪಕ್ಕದ ಟೇಬಲ್ಲಿನ ಜೋಡಿ
ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತಿದ್ದರು;
ನಮಗೇನು, ನಲವತ್ತು ಮಷೀನಿನ ನಡುವೆ
ಮಾತಾಡಿ ಕಲಿತವರು.

ಗಂಜಿ ಹಾಕಿದ ಬಿಳಿ ಕರವಸ್ತ್ರ.
ಒರೆಸಿಕೊಂಡರೆ ನೀಲಿ.
ಉಗುರಿನ ಸಂದಿಯ ಡೆನಿಮ್ ಬಣ್ಣ,
ಎಷ್ಟು ಉಜ್ಜಿದರೂ ಬಿಡದ್ದು.
ನಾಗವೇಣಿ ಅದನ್ನು ಮಡಿಚಿ ತೊಡೆಯ ಕೆಳಗೆ ಬಚ್ಚಿಟ್ಟಳು.

ಕೋಳಿ ಹಲಾಲೋ ಎಂದಿದ್ದಕ್ಕೆ ಉತ್ತರ ತಡವಾಗಿ
ಖುರ್ಷಿದಾ ಬದನೆಕಾಯಿ ಹೇಳಿದ್ದಳು.
ಸುಳ್ಳು ಹೇಳಬಾರದು:
ಟೊಮೇಟೊದಲ್ಲಿ ಬೆಂದು, ಚೀಸಿನ ಎಳೆ ಎಳೆದುಕೊಂಡು
ಆ ಬದನೆಕಾಯಿ ಬಾಯಿಗೆ ಬಂದಾಗ
ನಾಲ್ವರೂ ಕಣ್ಣು ಮುಚ್ಚಿದೆವು.
ನಮ್ಮ ಎಣ್ಣೆಗಾಯಿಯ ದೂರದ ತಂಗಿ,
ಬೇರೆ ಸೀಮೆಗೆ ಕೊಟ್ಟ ಮೇಲೆ ಖಾರ ಮರೆತವಳು.
ನಾಲ್ಕೇ ಹೋಳು. ತಲೆಗೊಂದು. ಮುಗಿಯಿತು.

ತಟ್ಟೆ ಎತ್ತಲು ಹುಡುಗ ಬಗ್ಗಿದಾಗ
ಖುರ್ಷಿದಾ ಅವನ ಏಪ್ರನ್ ಹಿಡಿದಳು.
"ನಿಂದ್ರು ಮಗಾ."
ಡೆನಿಮ್ಮಿನ ಏಪ್ರನ್, ಎಡಗಡೆ ಕಿಸೆ,
ಕಿಸೆಯ ಮೂಲೆಯಲ್ಲಿ ಬಾರ್‌ಟ್ಯಾಕ್ ಸೊಟ್ಟಗೆ,
ಕರೆಂಟು ಹೋಗಿ ಬಂದ ಗಳಿಗೆಯಲ್ಲಿ ಬಿದ್ದದ್ದು.
ಬೇಸಿಗೆಯ ಆರ್ಡರು. ಅರವತ್ತು ಏಪ್ರನ್.
ಎಲ್ಲಿಗೆ ಹೋಗುತ್ತವೆಂದು ಯಾರೂ ಹೇಳಿರಲಿಲ್ಲ.
"ನಂದು," ಅಂದಳು.
ಹುಡುಗನ ಇಂಗ್ಲಿಷು ಹಾರಿಹೋಯಿತು:
"ನಾ ಏನೂ ಮಾಡಿಲ್ರೀ ಅಮ್ಮಾ."
ಅಂಚಿಗೆ ಒಂದು ದಾರ ಜೋತುಬಿದ್ದಿತ್ತು.
ಬಗ್ಗಿ, ಹಲ್ಲಿನಿಂದ ಕಚ್ಚಿ ತೆಗೆದಳು,
ಕತ್ತರಿ ಹುಡುಕಲು ಪುರುಸೊತ್ತಿಲ್ಲದಾಗ ಮಾಡುವ ಹಾಗೆ.
ಗೋಡೆಯ ಆಂಟಿ ಹಿಟ್ಟು ನಾದುತ್ತಲೇ ಇದ್ದಳು.

ಬಿಲ್ಲು ಪುಟ್ಟ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂತು,
ಅದರಲ್ಲಿ ಸರ್ವಿಸ್ ಚಾರ್ಜು ಅಂತ ಬೇರೆ ಸಾಲು.
"ಹಂಗಾದ್ರೆ ನನ್ನ ದಾರದ್ದು ಕಳೀರಿ," ಅಂದಳು ಖುರ್ಷಿದಾ.
ಕಳೆಯಲಿಲ್ಲ. ನೋಟುಗಳನ್ನು ಎರಡು ಸಲ ಎಣಿಸಿ ಇಟ್ಟೆವು.

ಹೊರಗೆ ಬಿಸಿಗಾಳಿ ಕಪಾಳಕ್ಕೆ ಬಡಿಯಿತು.
ಹೊಟ್ಟೆ ಇನ್ನೂ ಅರ್ಧ; ಮಂಡಕ್ಕಿ ಮಿರ್ಚಿ ತಿನ್ನೋಣ ಅಂದಳು ನಾಗವೇಣಿ.
"ಬ್ಯಾಡ," ಎರ್ರಮ್ಮ ತಡೆದಳು,
"ಮನಿ ಮುಟ್ಟಾ ಇದಾ ರುಚಿ ಇರ್ಲಿ."

ಆಟೋದಲ್ಲಿ ಎದುರಿಗೆ ಕೂತ ಖುರ್ಷಿದಾಳ
ಕೆಳತುಟಿಗೆ ಅಂಟಿತ್ತು ಆ ನೀಲಿ ದಾರ.
ನಾನು ಹೇಳಲಿಲ್ಲ.